ಆರೈಕೆ ಮಾಡುವ ಮಕ್ಕಳಿಗೆ ಆಸರೆ ಯಾರು?

ಕುರುಡ ತಂದೆ-ತಾಯಿಯರನ್ನು ಕಾವಡಿಯಲ್ಲಿ ಕೂರಿಸಿಕೊಂಡು ತೀರ್ಥಯಾತ್ರೆಗೆ ಹೊರಟ ಶ್ರವಣಕುಮಾರನ ಕಥೆ ಗೊತ್ತಿಲ್ಲದವರು ನಮ್ಮಲ್ಲಿ ವಿರಳ. ಹಾಸಿಗೆ ಹಿಡಿದ ಅಪ್ಪನಿಗೆ ಊಟ ಮಾಡಿಸುವ ಹುಡುಗನನ್ನು ಕಂಡರೆ ಊರ ಹಿರಿಯರು ಇಂದಿಗೂ ಅದೇ ಹೆಸರು ಹಿಡಿದು ಹೊಗಳುತ್ತಾರೆ. ಆದರೆ ಕಥೆಯ ಕೊನೆಯನ್ನು ಯಾರೂ ನೆನೆಯುವುದಿಲ್ಲ. ನೀರು ತರಲು ಹೋದ ಹುಡುಗ ದಶರಥನ ಬಾಣಕ್ಕೆ ಬಲಿಯಾದ. ಅವನೊಬ್ಬನನ್ನೇ ನೆಚ್ಚಿದ್ದ ಮುದುಕರೂ ಅವನ ಹಿಂದೆಯೇ ಹೋದರು. ಇಡೀ ಮನೆಯ ಭಾರವನ್ನು ಒಂದೇ ಎಳೆಯ ಹೆಗಲಿಗೆ ಹೊರಿಸಿದರೆ ಆಗುವುದೂ ಇದೇ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಹೊರಗಿನವರ ಕಣ್ಣಿಗೆ ಸಮೃದ್ಧ ನಾಡು. ಘಟಪ್ರಭೆಯ ನೀರು, ಹಿಡಕಲ್ ಜಲಾಶಯ, ಕಣ್ಣು ಹಾಯಿಸಿದಷ್ಟೂ ಕಬ್ಬು, ಸಕ್ಕರೆ ಕಾರ್ಖಾನೆಗಳು, ಗೋಕಾಕದ ಕರದಂಟು. ಆದರೆ ಈ ಹಸಿರಿನ ನಡುವಿನ ಕೂಲಿಕಾರರ ಮನೆಗಳಲ್ಲಿ ಹೊತ್ತು ಬೇರೆ ರೀತಿಯಲ್ಲಿ ಸರಿಯುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಾಯಿ ನಸುಕಿಗೇ ಮನೆ ಬಿಡಬೇಕು. ತಂದೆಗೆ ಲಕ್ವಾ ಹೊಡೆದಿದ್ದರೆ, ತಮ್ಮನಿಗೆ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದಿದ್ದರೆ, ಆಯಿಗೆ ಕಣ್ಣು ಕಾಣದಿದ್ದರೆ ಮನೆಯಲ್ಲಿ ಉಳಿಯುವವರು ಯಾರು? ಐದನೆಯದೋ ಏಳನೆಯದೋ ಇಯತ್ತೆ ಓದುವ ಮಗಳು. ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ಗುಳಿಗೆ ಕೊಡುವುದು, ರೊಟ್ಟಿ ಚೂರು ಮಾಡಿ ತಿನಿಸುವುದು ಎಲ್ಲ ಮುಗಿದ ಮೇಲೆ ಹೊತ್ತು ಮಿಕ್ಕರೆ ಅವಳಿಗೆ ಸಾಲಿ.

ಲೆಕ್ಕಕ್ಕೆ ಸಿಗದ ದುಡಿಮೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರನ್ನು ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು ಎಂದು ಗಣತಿದಾರ ಕೇಳಲಿಲ್ಲ. ಕಾನೂನಿನ ಕಣ್ಣಿಗೂ ಈ ಮಕ್ಕಳು ಬೀಳುವುದಿಲ್ಲ. ಚಹಾದಂಗಡಿಯಲ್ಲಿ ಲೋಟ ತೊಳೆಯುವ ಹುಡುಗ ಬಾಲಕಾರ್ಮಿಕ. ಅವನನ್ನು ಬಿಡಿಸಲು ಅಧಿಕಾರಿಗಳು ಬರುತ್ತಾರೆ. ಮನೆಯೊಳಗೆ ರೋಗಿಯ ಮಲಮೂತ್ರ ಬಳಿಯುವ ಹುಡುಗಿ ಮಾತ್ರ ‘ಮನೆಗೆಲಸದಲ್ಲಿ ನೆರವಾಗುವ ಒಳ್ಳೆಯ ಮಗಳು’. 6ರಿಂದ 14 ವರ್ಷದವರಿಗೆ ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅವಳ ಹೆಸರು ಹಾಜರಿ ಪುಸ್ತಕದಲ್ಲಿಯೂ ಇರುತ್ತದೆ, ಹೆಸರಿನ ಮುಂದೆ ಹಾಜರಿ ಇರುವುದಿಲ್ಲ.

ಹಾಗೆಂದು ಮಕ್ಕಳು ಮನೆಯವರ ಸೇವೆ ಮಾಡುವುದೇ ತಪ್ಪೆಂದಲ್ಲ. ಅಜ್ಜನ ಕೈ ಹಿಡಿದು ನಡೆಸುವ ಮಗು ಅದರಿಂದ ಕಲಿಯುವುದೂ ಉಂಟು, ಮನೆಯ ಕಕ್ಕುಲಾತಿ ಬೆಳೆಯುವುದೂ ಹೀಗೆಯೇ. ಸೇವೆಯೇ ಮಗುವಿನ ಇಡೀ ದಿನವನ್ನು ನುಂಗಿದಾಗ ಸಮಸ್ಯೆ ಹುಟ್ಟುತ್ತದೆ. ನಿದ್ದೆಗೆಟ್ಟ ಮಗುವಿಗೆ ಪಾಠ ಹತ್ತುವುದಿಲ್ಲ. ದೊಡ್ಡವರನ್ನು ಎತ್ತಿ ಎತ್ತಿ ಬೆನ್ನು ನೋಯುತ್ತದೆ. ಮಾನಸಿಕ ಕಾಯಿಲೆಯ ತಾಯಿ ಇರುವ ಮನೆಗೆ ಗೆಳತಿಯರನ್ನು ಕರೆಯಲು ನಾಚಿಕೆ. ‘ನಾ ಸಾಲಿಗೆ ಹೋದಾಗ ಏನಾದರೂ ಆದರೆ?’ ಎಂಬ ಅಂಜಿಕೆ ಬೆನ್ನು ಬಿಡುವುದಿಲ್ಲ. ಈ ಅಂಜಿಕೆಯನ್ನು ಆ ಮಗು ಯಾರ ಮುಂದೆಯೂ ಹೇಳುವುದಿಲ್ಲ. ಹೇಳಿದರೆ ಮನೆಯ ಮಾನ ಹೋದೀತೆಂಬ ಭಯ.

ಈ ಭಾಗ ಕಂಡ ಕಷ್ಟ, ಕಲಿಸಿದ ಪಾಠ

ಇಂಥ ಬಾಲ್ಯ ಇಲ್ಲಿಗೆ ಹೊಸದಲ್ಲ. ಈ ಶತಮಾನದ ಆರಂಭದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಎಚ್‌ಐವಿ ಸೋಂಕು ವ್ಯಾಪಕವಾಗಿತ್ತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಔಷಧಿ ಕೊಡಲು ಆರಂಭಿಸುವವರೆಗೆ, ಬಡವರ ಮನೆಯಲ್ಲಿ ಸೊರಗುತ್ತಿದ್ದ ತಂದೆ-ತಾಯಿಗೆ ಮಕ್ಕಳೇ ದಾದಿಯರು. ದೇವದಾಸಿ ಪದ್ಧತಿಗೆ ಸಿಕ್ಕ ತಾಯಂದಿರ ಮನೆಗಳಲ್ಲಂತೂ ಕಾಯಿಲೆ ಬಿದ್ದರೆ ನೋಡಲು ಗಂಡನೂ ಇಲ್ಲ, ಗಂಡನ ಮನೆಯವರೂ ಇಲ್ಲ.

ಆದರೆ ದಾರಿ ತೋರಿಸಿದವರೂ ಆ ತಾಯಂದಿರೇ. ಮೈರಾಡ ಸಂಸ್ಥೆಯ ಬೆಂಬಲದಿಂದ 1997ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ (ಮಾಸ್) ಹುಟ್ಟಿತು. ಮಾಜಿ ದೇವದಾಸಿಯರೇ ಕಟ್ಟಿ, ತಾವೇ ನಡೆಸಿದ ಸಂಸ್ಥೆ ಇದು. ಇದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಒಬ್ಬೊಬ್ಬರೇ ಮೂಲೆ ಹಿಡಿದು ಅತ್ತರೆ ಕೇಳುವವರಿಲ್ಲ, ಸಂಘವಾಗಿ ಕೂಡಿದರೆ ಕಚೇರಿಯ ಬಾಗಿಲೂ ತೆರೆಯುತ್ತದೆ ಎಂಬುದು ಅವರು ಕಲಿಸಿದ ಪಾಠ. ರೋಗಿಯನ್ನು ನೋಡಿಕೊಳ್ಳುವ ಮನೆಗಳಿಗೂ ಇದೇ ಸರಿಯಾದ ಪಾಠ.

ಡಾ. ಅನಿಲ್ ಪಾಟೀಲ್ ಅವರು 2012ರಲ್ಲಿ ಸ್ಥಾಪಿಸಿದ, ಬ್ರಿಟನ್ನಿನಲ್ಲಿ ನೆಲೆಯಿರುವ ‘ಕೇರರ್ಸ್ ವರ್ಲ್ಡ್‌ವೈಡ್’ ಸಂಸ್ಥೆ ಭಾರತ, ನೇಪಾಳ, ಬಾಂಗ್ಲಾದೇಶಗಳಲ್ಲಿ ಹಿಡಿದಿರುವ ಹಾದಿಯೂ ಇದನ್ನೇ ಹೋಲುತ್ತದೆ. ಆರೈಕೆ ಮಾಡುವವರ ಸಂಘಗಳು, ಅವರ ಆರೋಗ್ಯದ ತಪಾಸಣೆ, ನಡುನಡುವೆ ಬಿಡುವು, ದುಡಿಮೆ ಮತ್ತು ಓದಿನ ಅವಕಾಶ, ಹಕ್ಕಿಗಾಗಿ ದನಿ ಎತ್ತುವುದು ಇವು ಅದರ ಐದು ಕಂಬಗಳು. ರೋಗಿಯನ್ನಷ್ಟೇ ನೋಡಿದರೆ ಸಾಲದು, ರೋಗಿಯನ್ನು ನೋಡಿಕೊಳ್ಳುವವರನ್ನೂ ನೋಡಬೇಕು ಎಂಬುದೇ ಇದರ ತಿರುಳು.

ಇಂಗ್ಲೆಂಡಿನಲ್ಲಿಯೂ ಈ ಅರಿವು ಒಮ್ಮೆಗೇ ಬಂದುದಲ್ಲ. 1990ರ ದಶಕದ ಆರಂಭದಲ್ಲಿ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಮಕ್ಕಳೊಂದಿಗೆ ಮಾತನಾಡಿ ಬರೆದ ಮೇಲೆ ಸಮಾಜ ಎಚ್ಚೆತ್ತಿತು. ಅವರ ಅಗತ್ಯಗಳೇನೆಂದು ಸ್ಥಳೀಯ ಆಡಳಿತ ವಿಚಾರಿಸಲೇಬೇಕೆಂಬ ಕಾನೂನು ಬಂದದ್ದು 2014ರಲ್ಲಿ. ಮೊದಲು ಗುರುತಿಸಬೇಕು, ಅನಂತರವೇ ನೆರವು.

ಕೈಗೆಟಕುವ ನೆರವು

ನಮ್ಮಲ್ಲಿ ಏನೂ ಇಲ್ಲವೆಂದು ಕೈಚೆಲ್ಲಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಂಬಳವಿಲ್ಲದೆ ಆರೈಕೆ ಮಾಡುವ ಮನೆಮಂದಿಯನ್ನೂ ಅದು ‘ಆರೈಕೆದಾರ’ರೆಂದು ಕರೆದಿದೆ. ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ಸ್‌ನಂಥ ಸ್ಥಿತಿಯಲ್ಲಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ರಾಜ್ಯದ 2024–25ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ನೆರೆಯ ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಇಂಥದೇ ಯೋಜನೆ ಮೊದಲೇ ಬಂದಿತ್ತು.

ಇವೆಲ್ಲಕ್ಕೂ ಮೊದಲ ಮೆಟ್ಟಿಲು ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು. ಅದಿಲ್ಲದೆ ಮಾಸಾಶನವೂ ಇಲ್ಲ. ಅರ್ಜಿ ತುಂಬಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಕೇಳಬಹುದು. ಶಾಲೆಗೆ ಬರಲಾಗದ ಅಂಗವಿಕಲ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಶಿಕ್ಷಣ ಇಲಾಖೆಯಲ್ಲಿದೆ. ತಮ್ಮನಿಗೆ ಇದು ದೊರೆತರೆ ಅಕ್ಕನ ಓದಿಗೂ ಉಸಿರು ಬಂದಂತೆ. ಮಗು ತೀರಾ ಸಂಕಟದಲ್ಲಿದ್ದರೆ 1098ಕ್ಕೆ ಫೋನ್ ಮಾಡಬಹುದು.

ಹಣದಷ್ಟೇ ಮುಖ್ಯವಾದುದು ತಿಳಿವಳಿಕೆ. ಏನು ಮಾಡಬೇಕೆಂದು ಯಾರೂ ಹೇಳಿಕೊಡದೆ ಮಕ್ಕಳು ತಮಗೆ ತೋಚಿದಂತೆ ಆರೈಕೆ ಮಾಡುತ್ತಾರೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆದರೆ ಭಾರವಾದ ದೇಹವನ್ನು ಮಗು ಒಂಟಿಯಾಗಿ ಎತ್ತಬಾರದು. ನುಂಗಲು ಕಷ್ಟವಿರುವವರಿಗೆ ಮಲಗಿಸಿ ಉಣಿಸಬಾರದು, ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಕ್ಷಯರೋಗಿ ಇರುವ ಮನೆಯಲ್ಲಿ ಮಗುವನ್ನೂ ಪರೀಕ್ಷೆ ಮಾಡಿಸಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಇಷ್ಟನ್ನು ಕೈಹಿಡಿದು ತೋರಿಸಿದರೆ ಅರ್ಧ ಅಂಜಿಕೆ ಕಳೆದಂತೆ.

ನೆರೆಹೊರೆಯ ಪಾಲೂ ಇದೆ. ವಾರಕ್ಕೆ ಎರಡು ಮಧ್ಯಾಹ್ನ ಓಣಿಯ ಯಾರಾದರೂ ರೋಗಿಯ ಬಳಿ ಕುಳಿತರೆ ಮಗುವಿಗೆ ಎರಡು ದಿನದ ಪಾಠ ಉಳಿಯುತ್ತದೆ. ಸ್ವಸಹಾಯ ಸಂಘಗಳು ಊರೂರಿಗೂ ಇರುವ ಈ ಸೀಮೆಯಲ್ಲಿ ಇದು ಆಗದ ಮಾತಲ್ಲ. ಗ್ರಾಮ ಪಂಚಾಯಿತಿಗಳು ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಆಟದ ಮೈದಾನದ ಮಾತಿನ ಜೊತೆಗೆ ಈ ಮಾತೂ ಬರಲಿ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದದ್ದು ಶಾಲೆಯ ಒಂದು ಪ್ರಶ್ನೆ. ನಾಲ್ಕು ದಿನ ತಪ್ಪಿಸಿ ಬಂದ ಮಗುವಿಗೆ ‘ಯಾಕ ಬರಲಿಲ್ಲ?’ ಎಂದು ಗದರಿದರೆ ಅದು ತಲೆ ತಗ್ಗಿಸಿ ನಿಲ್ಲುತ್ತದೆ. ಐದನೆಯ ದಿನ ಬರುವುದನ್ನೇ ಬಿಡುತ್ತದೆ. ‘ಮನ್ಯಾಗ ಯಾರಿಗರೆ ಆರಾಮ ಇಲ್ಲೇನವಾ?’ ಎಂದು ಮೆಲ್ಲಗೆ ಕೇಳಿದರೆ ಬಾಯಿ ಬಿಟ್ಟೀತು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನವೂ ಬೇಕಿಲ್ಲ.