ಜಲಜನಕಕ್ಕೆ ಒಪ್ಪುವ ಲೋಹ ಯಾವುದು?

ಮೈಸೂರಿನ ಅಶೋಕ ರಸ್ತೆಯ ಆಭರಣದಂಗಡಿಗಳಲ್ಲಿ ಚಿನ್ನಕ್ಕಿರುವ ಬೇಡಿಕೆ ಪ್ಲಾಟಿನಮ್ಮಿಗಿಲ್ಲ. ಆವರ್ತಕ ಕೋಷ್ಟಕದಲ್ಲಿ ಇವೆರಡೂ ನೆರೆಹೊರೆಯವು: ಪ್ಲಾಟಿನಮ್ಮಿನ ಪರಮಾಣು ಸಂಖ್ಯೆ 78, ಚಿನ್ನದ್ದು 79. ಆದರೆ ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಜಲಜನಕ, ಅಂದರೆ ಹೈಡ್ರೋಜನ್, ಪಡೆಯುವಾಗ ಪ್ಲಾಟಿನಮ್ಮೇ ಮೇಲು. ಚಿನ್ನ ಬಹಳ ಮಂದ. ಇದೇಕೆ ಹೀಗೆ?

ಮೊದಲು ಕ್ರಿಯೆಯನ್ನು ಗಮನಿಸೋಣ. ಆಮ್ಲ ಬೆರೆಸಿದ ನೀರಿನಲ್ಲಿ ಜಲಜನಕದ ಅಯಾನುಗಳಿರುತ್ತವೆ. ಅಯಾನು ಕ್ಯಾಥೋಡಿನಿಂದ ಒಂದು ಎಲೆಕ್ಟ್ರಾನ್ ಪಡೆದು, ಪರಮಾಣುವಾಗಿ ಲೋಹದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಬಳಿಕ ಅದು ಇನ್ನೊಂದು ಪರಮಾಣುವಿನೊಡನೆಯೋ ಅಯಾನಿನೊಡನೆಯೋ ಕೂಡಿ ಅಣುವಾಗಿ, ಗುಳ್ಳೆಯಾಗಿ ಹೊರಬರುತ್ತದೆ. ಹಾಗಾಗಿ ಲೋಹಕ್ಕೆ ಎರಡು ಕೆಲಸ: ಹಿಡಿಯುವುದು, ಬಿಡುವುದು. ಹಿಡಿತ ಸಡಿಲವಾದರೆ ಪರಮಾಣು ಅಂಟುವುದಿಲ್ಲ. ಬಿಗಿಯಾದರೆ ಬಿಟ್ಟು ಹೋಗುವುದಿಲ್ಲ. ಹಿಡಿತ ಹದವಾಗಿರಬೇಕೆಂಬ ಈ ತತ್ತ್ವಕ್ಕೆ ಫ್ರಾನ್ಸಿನ ರಸಾಯನ ವಿಜ್ಞಾನಿ ಪಾಲ್ ಸಬಾಟಿಯೆ ಅವರ ಹೆಸರಿದೆ. ಅವರು 1912ರಲ್ಲಿ ನೊಬೆಲ್ ಪಡೆದವರು.

ಈ ಹಿಡಿತವನ್ನು ನಿರ್ಧರಿಸುವುದು ಮುಖ್ಯವಾಗಿ ಸಂಕ್ರಮಣ ಧಾತುಗಳ 'ಡಿ' ಎಲೆಕ್ಟ್ರಾನುಗಳು. ಜಲಜನಕವು ಲೋಹಕ್ಕೆ ಬೆಸೆದಾಗ ಎರಡು ಬಗೆಯ ಶಕ್ತಿಮಟ್ಟಗಳು ಉಂಟಾಗುತ್ತವೆ. ಒಂದರಲ್ಲಿ ಎಲೆಕ್ಟ್ರಾನ್ ತುಂಬಿದರೆ ಬಂಧ ಬಲಗೊಳ್ಳುತ್ತದೆ. ಇನ್ನೊಂದರಲ್ಲಿ ತುಂಬಿದರೆ ಬಂಧ ಸಡಿಲವಾಗುತ್ತದೆ. ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆ ಈ ಎರಡನೆಯ ಮಟ್ಟ ತುಂಬುತ್ತಾ ಹೋಗುತ್ತದೆ. ಟಂಗ್‌ಸ್ಟನ್ ಪರಮಾಣುವಿನಲ್ಲಿ ಹೊರಗಿನ ಡಿ ಎಲೆಕ್ಟ್ರಾನುಗಳು 4: ಹಿಡಿತ ಬಿಗಿ. ಚಿನ್ನದಲ್ಲಿ 10, ಅಂದರೆ ಪೂರ್ತಿ ಭರ್ತಿ: ಹಿಡಿತ ಸಡಿಲ. ಪ್ಲಾಟಿನಮ್ಮಿನಲ್ಲಿ 9: ಹಿಡಿತ ಹದ. ಚಿನ್ನದ ಈ ಜಡತೆಯ ಕಾರಣವನ್ನು 1995ರಲ್ಲಿ ಹ್ಯಾಮರ್ ಮತ್ತು ನೋರ್ಸ್ಕೋವ್ ಎಂಬ ಡೆನ್ಮಾರ್ಕಿನ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ಚಿನ್ನದ ಪಕ್ಕದ ಪಾದರಸ ಇನ್ನೂ ಮಂದ. ಆಮ್ಲದಲ್ಲಿ ಈ ಕ್ರಿಯೆಯ ಸಹಜ ವೇಗ ಪಾದರಸದ ಮೇಲಿರುವುದಕ್ಕಿಂತ ಪ್ಲಾಟಿನಮ್ಮಿನ ಮೇಲೆ ಸುಮಾರು ನೂರು ಕೋಟಿ ಪಟ್ಟು ಹೆಚ್ಚು.

ಹಾಗಿದ್ದರೆ ಪ್ಲಾಟಿನಮ್ಮನ್ನೇ ಬಳಸಬಾರದೇಕೆ? ಅದು ವಿರಳ, ದುಬಾರಿ. ಭಾರತವು 2023ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆ. ಅಷ್ಟು ಜಲಜನಕ ಅಗ್ಗವಾಗಿ ದೊರೆಯಬೇಕಾದರೆ ಅಗ್ಗದ ವೇಗವರ್ಧಕಗಳೂ ಬೇಕು.

ಧಾತುವನ್ನು ಬದಲಿಸದೆಯೂ ಅದರ ಎಲೆಕ್ಟ್ರಾನ್ ವಿನ್ಯಾಸವನ್ನು ಬದಲಿಸಬಹುದೆ? ಬದಲಿಸಬಹುದು. ಇದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಪ್ರೊ. ಸಿ. ಎನ್. ಆರ್. ರಾವ್ ಅವರ ತಂಡ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮಾಲಿಬ್ಡಿನಂ ಡೈಸಲ್ಫೈಡನ್ನು ಪರೀಕ್ಷಿಸಿತು. ಇದು ಯಂತ್ರಗಳಿಗೆ ಜಾರುಪುಡಿಯಾಗಿಯೂ ಬಳಕೆಯಾಗುವ ವಸ್ತು. ಸಾಮಾನ್ಯ ರೂಪದಲ್ಲಿ ಅದು ಅರೆವಾಹಕ. ಮಾಲಿಬ್ಡಿನಮ್ಮಿನ ಸುತ್ತ ಗಂಧಕದ ಪರಮಾಣುಗಳ ಜೋಡಣೆ ಬದಲಾದರೆ, ಡಿ ಎಲೆಕ್ಟ್ರಾನುಗಳ ಮಟ್ಟಗಳೂ ಬದಲಾಗಿ ಅದೇ ವಸ್ತು ಲೋಹದಂತೆ ವಿದ್ಯುತ್ತನ್ನು ಹರಿಸುತ್ತದೆ. ಈ ಎರಡನೆಯ ರೂಪ ಬೆಳಕಿನ ನೆರವಿನಿಂದ ನೀರಿನಿಂದ ಜಲಜನಕವನ್ನು ಬಹಳ ಚೆನ್ನಾಗಿ ಹೊರಡಿಸುತ್ತದೆಂದು ತಂಡವು 2013ರಲ್ಲಿ ಪ್ರಕಟಿಸಿತು. ಅಲ್ಲಿ ವಿದ್ಯುತ್ತಿನ ಬದಲು ಬೆಳಕನ್ನು ಬಳಸಿದ್ದರೂ, ಎಲೆಕ್ಟ್ರಾನ್ ವಿನ್ಯಾಸದ ಮಹತ್ವ ಎರಡೂ ಕಡೆ ಒಂದೇ.

ವಿದ್ಯಾರ್ಥಿ ಮಿತ್ರರೇ, ಆವರ್ತಕ ಕೋಷ್ಟಕವನ್ನು ತೆರೆದು ಪ್ಲಾಟಿನಮ್ಮಿನ ಕಂಬಸಾಲನ್ನು ಮೇಲಿನಿಂದ ಓದಿ: ನಿಕ್ಕಲ್, ಪಲ್ಲೇಡಿಯಂ, ಪ್ಲಾಟಿನಂ. ಅಗ್ಗದ ನಿಕ್ಕಲ್ ಆಮ್ಲದಲ್ಲಿ ಕರಗಿಹೋಗುತ್ತದೆ. ಕ್ಷಾರೀಯ ದ್ರಾವಣದಲ್ಲಿ ಬಾಳುತ್ತದೆ. ಆದ್ದರಿಂದಲೇ ಕ್ಷಾರ ಬಳಸುವ ಜಲಜನಕ ಕಾರ್ಖಾನೆಗಳಲ್ಲಿ ಅದು ದುಡಿಯುತ್ತಿದೆ.