ಆಟಿಯ ಮಳೆಯಲ್ಲಿ ಬೆವರಿದ ಪಾವ್ಲೋವಾ

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ಮಗಳ ಹುಟ್ಟುಹಬ್ಬಕ್ಕೆ ಮೊಟ್ಟೆಯ ಬಿಳಿಯ ನೊರೆಯ ಸಿಹಿಯಾದ ಪಾವ್ಲೋವಾ ಮಾಡಿದ್ದರಂತೆ. ಓವನ್‌ನಿಂದ ತೆಗೆದಾಗ ಹಪ್ಪಳದಷ್ಟು ಗರಿಗರಿ. ಮಧ್ಯಾಹ್ನವೇ ಕ್ರೀಮು, ಹಣ್ಣು ಏರಿಸಿ ಎತ್ತಿಟ್ಟರು. ಸಂಜೆ ನೆಂಟರು ಬರುವ ಹೊತ್ತಿಗೆ ಅದು ಅಂಟಂಟಾಗಿ, ನಡುವೆ ಕುಸಿದು, ತಳದಲ್ಲಿ ಪಾಕ ಒಸರಿ ನಿಂತಿತ್ತು. "ಮೊಟ್ಟೆ ಹಳೆಯದಾಗಿತ್ತೇ? ಸಕ್ಕರೆ ಕಡಿಮೆಯಾಯಿತೇ?" ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಆಗ ಆಟಿ ತಿಂಗಳು, ಮಳೆ ಬಿಟ್ಟಿರಲಿಲ್ಲ.

ಉತ್ತರ ಆ ಕೊನೆಯ ಮಾತಿನಲ್ಲೇ ಇದೆ. ಮೊಟ್ಟೆಯ ಬಿಳಿ, ಸಕ್ಕರೆ, ಹಣ್ಣು, ಚಾಕೊಲೇಟ್ ಎಂದು ಈ ಸಿಹಿಯ ಸಾಮಗ್ರಿಗಳನ್ನು ಪಟ್ಟಿ ಮಾಡುತ್ತೇವೆ. ಪಟ್ಟಿಗೆ ಸೇರದ ಒಂದು ವಸ್ತು ನೀರು. ಇಡೀ ತಿನಿಸು ನಿಲ್ಲುವುದೂ ಬೀಳುವುದೂ ಅದರಿಂದಲೇ.

ಮೊದಲು ಹೆಸರಿನ ಕಥೆ. ರಷ್ಯದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ 1926ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಪ್ರವಾಸ ಮಾಡಿದರು. ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರನ್ನು ನಿಮ್ಮ ನೆಲದ ನೃತ್ಯದತ್ತ ನೋಡಿ ಎಂದು ಹುರಿದುಂಬಿಸಿದವರೂ ಇವರೇ. ಪಾವ್ಲೋವಾ ಹೆಸರು ಹೊತ್ತ ಸಿಹಿ ತಮ್ಮದೆಂದು ಆ ಎರಡೂ ದೇಶಗಳು ಇಂದಿಗೂ ವಾದಿಸುತ್ತವೆ. ಪರ್ತ್ ನಗರದ ಹೋಟೆಲೊಂದರಲ್ಲಿ ಬರ್ಟ್ ಸಾಷ ಎಂಬ ಬಾಣಸಿಗ 1935ರಲ್ಲಿ ಇದನ್ನು ಮಾಡಿದನೆಂದು ಆಸ್ಟ್ರೇಲಿಯದವರು ಹೇಳುತ್ತಾರೆ. ಒಟಾಗೊ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಹೆಲೆನ್ ಲೀಚ್ ಹಳೆಯ ಅಡುಗೆ ಪುಸ್ತಕ, ಪತ್ರಿಕೆಗಳನ್ನು ಜಾಲಾಡಿ, 1929ರಲ್ಲೇ ನ್ಯೂಜಿಲೆಂಡಿನಲ್ಲಿ ಅಚ್ಚಾದ ವಿಧಾನವನ್ನು ಹುಡುಕಿ ತೆಗೆದರು. ಒಂದು ತಿಂಡಿಯ ಚರಿತ್ರೆಯನ್ನು ಇಷ್ಟು ಶ್ರದ್ಧೆಯಿಂದ ಬರೆದವರು ಕಡಿಮೆ. ನಮ್ಮ ಮೈಸೂರುಪಾಕಿಗೂ ಅಂಥವರೊಬ್ಬರು ಸಿಗಬೇಕು.

ಇನ್ನು ಬಟ್ಟಲಿಗೆ ಬರೋಣ. ನಾಲ್ಕು ಮೊಟ್ಟೆಗಳ ಬಿಳಿಯ ತೂಕ ಸುಮಾರು 120 ಗ್ರಾಂ. ಅದರಲ್ಲಿ 105 ಗ್ರಾಂನಷ್ಟು ಬರೀ ನೀರು, ಉಳಿದದ್ದು ಹೆಚ್ಚುಕಡಿಮೆ ಪ್ರೋಟೀನು. ಇಷ್ಟು ನೀರನ್ನು ಕಡೆದು ಗೋಪುರದಂತೆ ನಿಲ್ಲಿಸುತ್ತೇವೆ ಎಂಬುದೇ ನನಗೆ ಇಂದಿಗೂ ಬೆರಗು.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಉದ್ದಿನ ವಡೆಯನ್ನು ನೆನೆಯಿರಿ. ರುಬ್ಬಿದ ಹಿಟ್ಟನ್ನು ಅಜ್ಜಿ ಹಾಗೆಯೇ ಎಣ್ಣೆಗೆ ಬಿಡುತ್ತಿರಲಿಲ್ಲ. ಬೋಗುಣಿಯಲ್ಲಿ ಕೈಯಾಡಿಸಿ, ಒಂದೇ ದಿಕ್ಕಿಗೆ ಬಡಿದು ಬಡಿದು ಹಗುರ ಮಾಡುತ್ತಿದ್ದರು. ಆಮೇಲೆ ಗೋಲಿಯಷ್ಟು ಹಿಟ್ಟನ್ನು ನೀರಿನ ಲೋಟಕ್ಕೆ ಹಾಕುವುದು. ತೇಲಿದರೆ ಬಾಣಲೆಗೆ, ಮುಳುಗಿದರೆ ಇನ್ನೂ ನಾಲ್ಕು ಸುತ್ತು. ಆ ಕೈ ಮಾಡುತ್ತಿದ್ದ ಕೆಲಸ ಹಿಟ್ಟಿಗೆ ಗಾಳಿ ತುಂಬುವುದು. ಉದ್ದಿನ ಪ್ರೋಟೀನೂ ಲೋಳೆಯೂ ಸೇರಿ ಆ ಗಾಳಿಯನ್ನು ಹಿಡಿದಿಡುತ್ತಿದ್ದವು. ಹಾಗೆಯೇ ಬಿಟ್ಟು ಒಂದು ತಾಸು ಬೇರೆ ಕೆಲಸಕ್ಕೆ ಹೋದರೆ ಹಿಟ್ಟು ಮತ್ತೆ ಇಳಿಯುತ್ತಿತ್ತು. ಮೊಟ್ಟೆಯ ಬಿಳಿಯಲ್ಲೂ ನಡೆಯುವುದು ಇದೇ. ಆದರೆ ಉದ್ದಿನ ಹಿಟ್ಟಿಗಿರುವ ಪಿಷ್ಟ, ನಾರುಗಳ ಆಸರೆ ಇಲ್ಲಿಲ್ಲ. ಇಡೀ ಭಾರ ಪ್ರೋಟೀನಿನ ಮೇಲೆ.

ಮೊಟ್ಟೆಯ ಪ್ರೋಟೀನಿನ ಎಳೆ ಸುರುಳಿಯಾಗಿ ಮುದುಡಿಕೊಂಡಿರುತ್ತದೆ. ಅದರ ಕೆಲವು ಭಾಗಗಳಿಗೆ ನೀರೆಂದರೆ ಆಗದು. ಅವು ಒಳಗೆ ಅಡಗಿರುತ್ತವೆ. ಬೀಟರ್ ಎಳೆದಾಡಿದಾಗ ಸುರುಳಿ ಬಿಚ್ಚುತ್ತದೆ. ನೀರಿಗೆ ಒಗ್ಗದ ಭಾಗ ಗಾಳಿಗುಳ್ಳೆಯತ್ತ ಚಾಚುತ್ತದೆ, ಒಗ್ಗುವ ಭಾಗ ನೀರಲ್ಲೇ ಉಳಿಯುತ್ತದೆ. ಹೀಗೆ ಸಾಲಾಗಿ ನಿಂತ ಎಳೆಗಳು ಒಂದನ್ನೊಂದು ಹಿಡಿದು ಗುಳ್ಳೆಯ ಸುತ್ತ ಬಲೆ ಹೆಣೆಯುತ್ತವೆ. ಅಂಟುವಾಳದ ನೊರೆಗೆ ಇಂಥ ಬಲೆಯಿಲ್ಲ, ಅದಕ್ಕೇ ಅದು ಬೇಗ ಒಡೆಯುತ್ತದೆ. ಹಳದಿಯ ಒಂದು ಹನಿ ಬಿದ್ದರೂ ಅದರ ಜಿಡ್ಡು ಗುಳ್ಳೆಯ ಅಂಚಿನಲ್ಲಿ ಪ್ರೋಟೀನಿನ ಜಾಗವನ್ನೇ ಕಸಿದುಕೊಳ್ಳುತ್ತದೆ. ಎಣ್ಣೆ ಪಸೆಯಿರುವ ಪ್ಲಾಸ್ಟಿಕ್ ಬಟ್ಟಲು ಬೇಡ ಎನ್ನುವುದು ಇದೇ ಕಾರಣಕ್ಕೆ.

ಹಿಡಿತ ಅತಿಯಾದರೂ ಕೆಡುಕೇ. ಕಡೆಯುತ್ತಲೇ ಹೋದರೆ ಎಳೆಗಳು ಬಿಗಿಯಾಗಿ, ನಡುವಿನ ನೀರನ್ನು ಹಿಂಡಿ ಹೊರದಬ್ಬುತ್ತವೆ. ನೊರೆ ತರಿತರಿಯಾಗಿ ತಳದಲ್ಲಿ ನೀರು ನಿಲ್ಲುತ್ತದೆ, ಒಡೆದ ಹಾಲಿನ ಹಾಗೆ. ಫ್ರಾನ್ಸಿನ ಬಾಣಸಿಗರು ಇದಕ್ಕೆ ಕಂಡುಕೊಂಡ ಮದ್ದು ತಾಮ್ರದ ಬಟ್ಟಲು. ಅಮೆರಿಕದ ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ ಇದನ್ನು ಅಜ್ಜಿಕಥೆ ಎಂದು ತಳ್ಳಿಹಾಕದೆ ಪರೀಕ್ಷಿಸಿ, ಸಂಗಡಿಗರೊಂದಿಗೆ 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ಅವರು ಕೊಟ್ಟ ವಿವರಣೆ ಒಂದು. ಮುಂದೆ ತಾವೇ ಅದನ್ನು ತಿದ್ದಿ, ಪ್ರೋಟೀನಿನ ಗಂಧಕದ ತುದಿಗಳು ಪರಸ್ಪರ ಬೆಸೆದುಕೊಳ್ಳದಂತೆ ತಾಮ್ರ ತಡೆಯುತ್ತದೆ ಎಂದರು. ನಮ್ಮ ಮನೆಗಳ ಕಲಾಯಿ ಹಾಕಿದ ತಾಮ್ರದ ಪಾತ್ರೆಯಿಂದ ಈ ಲಾಭವಿಲ್ಲ, ಅಲ್ಲಿ ನೊರೆಗೆ ತಾಗುವುದು ತವರ. ಚಿಂತೆ ಬೇಡ, ಒಂದು ಬಿಳಿಗೆ ಅರ್ಧ ಚಮಚ ನಿಂಬೆರಸ ಅದೇ ಕೆಲಸ ಮಾಡುತ್ತದೆ. ವಿಡಿಯೋಗಳಲ್ಲಿ ತಪ್ಪದೆ ಹೇಳುವ 'ಚಿಟಿಕೆ ಉಪ್ಪು' ಮಾತ್ರ ನೊರೆಯನ್ನು ದುರ್ಬಲಗೊಳಿಸುತ್ತದೆ. ರುಚಿಗೆ ಬೇಕಿದ್ದರೆ ಕ್ರೀಮಿಗೆ ಹಾಕಿ.

ಸಕ್ಕರೆ ಇಲ್ಲಿ ಸಿಹಿಗಿಂತ ಹೆಚ್ಚಾಗಿ ಕಟ್ಟಡದ ಗಾರೆ. ಒಂದು ಬಿಳಿಗೆ ಸುಮಾರು 50 ಗ್ರಾಂ. ಗುಳ್ಳೆಗಳ ನಡುವಿನ ನೀರಿನಲ್ಲಿ ಕರಗಿ ಅದನ್ನು ಮಂದ ಪಾಕವಾಗಿಸುತ್ತದೆ, ನೀರು ಸೋರುವ ವೇಗ ತಗ್ಗುತ್ತದೆ. ಮೊದಲೇ ಸುರಿದರೆ ಪ್ರೋಟೀನು ಬಿಚ್ಚಿಕೊಳ್ಳಲು ತಡವಾಗುತ್ತದೆ. ಆದ್ದರಿಂದ ನೊರೆ ಮೆತ್ತಗೆ ತುದಿಯೆತ್ತಿದ ಮೇಲೆ ಚಮಚ ಚಮಚವಾಗಿ ಹಾಕಬೇಕು. ಬೆರಳಲ್ಲಿ ಉಜ್ಜಿದರೆ ಹರಳು ಸಿಗಬಾರದು.

ಇನ್ನು ಈ ನೀರನ್ನು ಹೊರಗೆ ಕಳಿಸಬೇಕು. ಓವನ್ನಿನ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂಕಾಲು ತಾಸು ಪಾವ್ಲೋವಾ ಬೇಯುವುದಕ್ಕಿಂತ ಹೆಚ್ಚಾಗಿ ಒಣಗುತ್ತದೆ. ಹೊರಗೆ ಚಿಪ್ಪು ಕಟ್ಟುತ್ತದೆ, ಒಳಗೆ ಹತ್ತಿಯಂತೆ ಮೆತ್ತಗೆ ಉಳಿಯುತ್ತದೆ.

ಶಾಖವೇ ಇಲ್ಲದೆ ಒಣಗಿಸಬಹುದೇ? ಈ ಪ್ರಶ್ನೆ ಕೇಳಿದವರು ಆಕ್ಸ್‌ಫರ್ಡಿನ ನಿಕೊಲಸ್ ಕುರ್ಟಿ. ಹಂಗರಿಯಲ್ಲಿ ಹುಟ್ಟಿದ ಇವರು ನಿರಪೇಕ್ಷ ಶೂನ್ಯದ ಅಂಚಿನ ಕಡುಶೀತದಲ್ಲಿ ಪ್ರಯೋಗ ನಡೆಸಿ ಹೆಸರಾದ ಭೌತವಿಜ್ಞಾನಿ. 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡುಗೆಮನೆಯ ಭೌತವಿಜ್ಞಾನದ ಬಗ್ಗೆ ಉಪನ್ಯಾಸ ಕೊಟ್ಟರು. ಸಕ್ಕರೆ ಬೆರೆಸಿದ ನೊರೆಯನ್ನು ಗಾಜಿನ ಪಾತ್ರೆಯೊಳಗಿಟ್ಟು ಗಾಳಿಯನ್ನು ಹೀರಿ ತೆಗೆದರು. ಹೊರಗಿನ ಒತ್ತಡ ಇಳಿದಂತೆ ಗುಳ್ಳೆಗಳು ಉಬ್ಬಿದವು, ಬೆಂಕಿಯ ಸೋಂಕಿಲ್ಲದೆಯೇ ನೀರು ಆವಿಯಾಯಿತು. ಉಳಿದದ್ದು ಬಾಯಲ್ಲಿಟ್ಟರೆ ಮಾಯವಾಗುವ ಮೆರಾಂಗ್, ಅಂದರೆ ಪಾವ್ಲೋವಾದ ತಳವಾಗುವ ಒಣ ನೊರೆ. ಕುರ್ಟಿಯವರು ಮುಂದೆ ಫ್ರಾನ್ಸಿನ ಎರ್ವೆ ತೀಸ್ ಜೊತೆಗೂಡಿ ಅಡುಗೆಯ ವಿಜ್ಞಾನಕ್ಕೊಂದು ನೆಲೆ ಕಟ್ಟಿದರು. ಇಂದು 'ಮಾಲಿಕ್ಯುಲರ್' ಎಂಬ ಹೆಸರಲ್ಲಿ ದುಬಾರಿ ಹೋಟೆಲುಗಳು ಹೊಗೆ ಹಾರಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕುರ್ಟಿಯವರ ಆಸಕ್ತಿಯೆಲ್ಲ ನೊರೆಯೊಳಗಿನ ನೀರು ಏನು ಮಾಡುತ್ತದೆ ಎಂಬ ಸರಳ ಕುತೂಹಲದ್ದು.

ಈಗ ಮಂಗಳೂರಿಗೆ ಮರಳೋಣ. ಒಣಗಿದ ಮೆರಾಂಗ್ ಎಂದರೆ ಬಹುಪಾಲು ಹರಳುಗಟ್ಟದ, ಗಾಜಿನಂಥ ಸಕ್ಕರೆ. ಅದಕ್ಕೆ ನೀರಿನ ದಾಹ ಬಹಳ. ಮಳೆಗಾಲದ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಡಬ್ಬಿಯ ಬೆಲ್ಲ ಬೆವರುವ, ಕರಿದ ಹಪ್ಪಳ ಗಳಿಗೆಯಲ್ಲಿ ಮೆತ್ತಗಾಗುವ ಆ ದಿನಗಳಲ್ಲಿ ಪಾವ್ಲೋವಾ ಮಾತ್ರ ಗರಿಯಾಗಿ ಉಳಿದೀತೇ? ಓವನ್ ಕಳಿಸಿದ ನೀರನ್ನು ಅದು ಗಾಳಿಯಿಂದ ಮರಳಿ ಹೀರಿತು.

ಮೇಲಿನಿಂದ ಹಣ್ಣೂ ನೀರಿಳಿಸಿತು. ಉಪ್ಪು ಬೆರೆಸಿದ ಮಾವಿನ ಹೋಳು ರಾತ್ರಿ ಬೆಳಗಾಗುವಷ್ಟರಲ್ಲಿ ಭರಣಿಯಲ್ಲಿ ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕಿದವರೆಲ್ಲ ಬಲ್ಲರು. ಸಕ್ಕರೆಯೂ ಹಣ್ಣಿನಿಂದ ಹಾಗೆಯೇ ನೀರು ಸೆಳೆಯುತ್ತದೆ. ನ್ಯೂಜಿಲೆಂಡಿನವರಿಗೆ ಪ್ರಿಯವಾದ ಕಿವಿ ಹಣ್ಣಿನದು ಇನ್ನೊಂದು ತಕರಾರು: ಅದರಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಕ್ರೀಮಿನ ಹಾಲುಪ್ರೋಟೀನನ್ನು ತುಂಡರಿಸಿ ಕಹಿ ತರುತ್ತದೆ. ಹಸಿ ಅನಾನಸ್, ಪಪ್ಪಾಯಿಗಳಲ್ಲೂ ಇಂಥ ಕಿಣ್ವಗಳಿವೆ. ಕೊಡಗಿನಲ್ಲಿ ಸಿಗುವ ಪ್ಯಾಷನ್ ಫ್ರೂಟ್ ಒಳ್ಳೆಯ ಜೊತೆ, ಅದರ ಹುಳಿ ಅಷ್ಟೊಂದು ಸಕ್ಕರೆಯನ್ನು ಹದಕ್ಕೆ ತರುತ್ತದೆ.

ಇಲ್ಲಿ ನೆರವಿಗೆ ಬರುವುದು ಚಾಕೊಲೇಟ್. ಕರಗಿಸಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೆ ಸಕ್ಕರೆ, ಕೋಕೋ ಕಣಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಆದರೆ ಅದೇ ಚಾಕೊಲೇಟನ್ನು ತಣಿದ ಮೆರಾಂಗ್ ಮೇಲೆ ತೆಳ್ಳಗೆ ಸವರಿದರೆ ಕೋಕೋ ಬೆಣ್ಣೆಯ ಪದರ ಗಟ್ಟಿಯಾಗಿ, ಮೇಲಿನ ನೀರನ್ನು ತಡೆಯುತ್ತದೆ. ಈ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ತಟ್ಟೆಯಲ್ಲಿ ಬೇಲಿಯಾಗಿದ್ದು ಬಾಯಲ್ಲಿ ಕರಗುತ್ತದೆ. ದಕ್ಷಿಣ ಕನ್ನಡದವರಿಗೆ ಕೋಕೋ ದೂರದ್ದೂ ಅಲ್ಲ: ಅಡಿಕೆ ತೋಟದ ನೆರಳಲ್ಲೇ ಬೆಳೆಯುತ್ತದೆ, ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಚಾಕೊಲೇಟ್ ಮಾಡುತ್ತಿದೆ.

ಆದ್ದರಿಂದ ಓದುಗರಿಗೆ ನನ್ನ ಸಲಹೆ: ಆಟಿಯಲ್ಲಿ ಮಾಡುವುದಾದರೆ ಬೆಂದ ಮೇಲೆ ಓವನ್ ಆರಿಸಿ ಒಳಗೇ ತಣಿಯಲು ಬಿಡಿ. ತಣಿದ ತಕ್ಷಣ ಚಾಕೊಲೇಟ್ ಸವರಿ, ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ. ಕ್ರೀಮು, ಹಣ್ಣು ಏರಿಸುವುದು ನೆಂಟರು ಕೈತೊಳೆದು ಕೂತ ಮೇಲೆ.

ಮೊಟ್ಟೆ ಮುಟ್ಟದವರಿಗೂ ದಾರಿಯಿದೆ. ಕಾಳು ಬೇಯಿಸಿದ ನೀರು ನೊರೆ ಕಟ್ಟುತ್ತದೆಂದು ಫ್ರಾನ್ಸಿನ ಜೋಯೆಲ್ ರೋಸೆಲ್ 2014ರಲ್ಲಿ ಗಮನಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಕಾಬೂಲಿ ಕಡಲೆ ಬೇಯಿಸಿದ ನೀರು, ಸಕ್ಕರೆ ಎರಡರಿಂದಲೇ ಮೆರಾಂಗ್ ಮಾಡಿ, ಆ ನೀರಿಗೆ 'ಆಕ್ವಾಫಾಬಾ' ಎಂದು ಹೆಸರಿಟ್ಟರು. ನಾವು ಅದನ್ನು ಕಟ್ಟು ಎನ್ನುತ್ತೇವೆ. ಒಬ್ಬಟ್ಟಿನ ದಿನ ಬೇಳೆ ಬೇಯುವಾಗ ನೊರೆಯುಕ್ಕಿ ಒಲೆಯ ಮೇಲೆ ಚೆಲ್ಲುವುದೂ, ಅದನ್ನು ಬೈದುಕೊಂಡು ಒರೆಸುವುದೂ ಎಷ್ಟು ತಲೆಮಾರಿನ ಅನುಭವ! ಪ್ರೋಟೀನು, ಸಾಬೂನಿನಂತೆ ನೊರೆಕಟ್ಟುವ ಸಪೋನಿನ್‌ಗಳು ಗಾಳಿ ಹಿಡಿಯುವ ಆಟ ಅದು. ಮುಂದಿನ ಬಾರಿ ಕಾಬೂಲಿ ಕಡಲೆ ಬೇಯಿಸಿದಾಗ ಆ ಕಟ್ಟನ್ನು ಲೋಳೆಯಾಗುವಷ್ಟು ಕುದಿಸಿ ಇಂಗಿಸಿ, ತಣಿಸಿ, ನಿಂಬೆ ಹಿಂಡಿ ಬೀಟರ್ ಹಾಕಿ. ಮೊಟ್ಟೆಯಂತೆ ಇದು ಶಾಖಕ್ಕೆ ಗಟ್ಟಿಕಟ್ಟುವುದಿಲ್ಲ. 100 ಡಿಗ್ರಿಯ ಆಸುಪಾಸಿನಲ್ಲಿ, ನಿಧಾನವಾಗಿ ಒಣಗಿಸಬೇಕು. ಹತ್ತು ನಿಮಿಷದಲ್ಲಿ ಬಟ್ಟಲು ತುಂಬ ಬೆಳ್ಳಗೆ ಏಳುವ ನೊರೆಯನ್ನು ಮಕ್ಕಳನ್ನು ಕರೆದು ತೋರಿಸಿ. ಅದು ಬರೀ ಬೇಳೆಕಾಳಿನ ನೀರೆಂದರೆ ಅವರು ನಂಬಲಿಕ್ಕಿಲ್ಲ.