ಹುಂಜದ ಕಾಲ್ಮುಳ್ಳು

ಹುಂಜದ ಕಾಲನ್ನು ಸಮೀಪದಿಂದ ನೋಡಿದರೆ, ಬೆರಳುಗಳಿಗಿಂತ ಮೇಲೆ, ಕಾಲಿನ ಒಳಮಗ್ಗುಲಲ್ಲಿ, ಹಿಂದಕ್ಕೆ ಚಾಚಿದ ಮೊನಚಾದ ಮುಳ್ಳೊಂದು ಕಾಣಿಸುತ್ತದೆ. ಇದನ್ನು ಇನ್ನೊಂದು ಬೆರಳೆಂದೋ ಬೆಳೆದ ಉಗುರೆಂದೋ ಭಾವಿಸುವವರುಂಟು. ಎರಡು ಭಾವನೆಗಳೂ ತಪ್ಪು. ಎರಡನೆಯದಂತೂ ಹಕ್ಕಿಗೆ ಅಪಾಯಕಾರಿ.

ಕಾಲ್ಮುಳ್ಳಿನ ರಚನೆಯು ಹಸುವಿನ ಕೊಂಬಿನ ರಚನೆಯನ್ನು ಹೋಲುತ್ತದೆ. ಹೊರಗೆ ಕೆರಾಟಿನ್ ಎಂಬ ಗಡುಸಾದ ವಸ್ತುವಿನ ಒರೆ. ಒಳಗೆ ಸಜೀವವಾದ ಎಲುಬಿನ ತಿರುಳು. ಇವೆರಡರ ನಡುವೆ ರಕ್ತನಾಳಗಳುಳ್ಳ ಮೃದುವಾದ ಪದರವಿದೆ. ಮರಿಯಲ್ಲಿ ಇದು ಕೇವಲ ಒಂದು ಸಣ್ಣ ಗಂಟು. ಹಕ್ಕಿ ಬೆಳೆದಂತೆ ಒಳಗೆ ಎಲುಬು ಮೂಡಿ, ಮುಂದೆ ಕಾಲಿನ ಎಲುಬಿನೊಡನೆಯೇ ಬೆಸೆದುಕೊಳ್ಳುತ್ತದೆ. ವಯಸ್ಸು ಏರಿದಂತೆ ಮುಳ್ಳೂ ಉದ್ದವಾಗುತ್ತದೆ.

ಹೇಟೆಗೆ ಸಾಮಾನ್ಯವಾಗಿ ಈ ಮುಳ್ಳು ಏಕೆ ಬೆಳೆಯುವುದಿಲ್ಲ? ಹುಂಜದ ವೃಷಣದಿಂದ ಬರುವ ಹಾರ್ಮೋನೇ ಮುಳ್ಳಿಗೆ ಕಾರಣವೆಂದು ಊಹಿಸುವುದು ಸಹಜ. ಆದರೆ ವೃಷಣಗಳನ್ನು ತೆಗೆದ ಹುಂಜದಲ್ಲಿ ತಲೆಯ ಕೆಂಪು ಜುಟ್ಟು ಕುಗ್ಗಿದರೂ ಮುಳ್ಳು ಎಂದಿನಂತೆ ಬೆಳೆಯುತ್ತದೆ. ಅಂಡಾಶಯವನ್ನು ತೆಗೆದ ಹೇಟೆಗೂ ಮುಳ್ಳು ಮೂಡುತ್ತದೆ. ಅಮೆರಿಕದ ಎಚ್. ಡಿ. ಗುಡೇಲ್ ಅವರು ಇಂಥ ಪ್ರಯೋಗಗಳ ವಿವರವನ್ನು 1916ರಲ್ಲಿ ಪ್ರಕಟಿಸಿದರು. ಇದರಿಂದ ತಿಳಿಯುವುದಿಷ್ಟು: ಮುಳ್ಳನ್ನು ಬೆಳೆಸುವ ಶಕ್ತಿ ಎರಡು ಲಿಂಗಗಳಲ್ಲಿಯೂ ಇದೆ, ಹೇಟೆಯಲ್ಲಿ ಅಂಡಾಶಯದ ಹಾರ್ಮೋನು ಅದನ್ನು ತಡೆದಿರುತ್ತದೆ. ಮುದಿ ಹೇಟೆಗಳಲ್ಲಿ ಕೆಲವೊಮ್ಮೆ ಮುಳ್ಳು ಕಾಣಿಸಿಕೊಳ್ಳುವುದರ ಗುಟ್ಟೂ ಇದೇ.

ಅತಿಯಾಗಿ ಬೆಳೆದ ಮುಳ್ಳು ಕೂಡುವ ಕಾಲದಲ್ಲಿ ಹೇಟೆಯ ಬೆನ್ನು ಪಕ್ಕೆಗಳನ್ನು ಸೀಳಬಲ್ಲದು. ಬಾಗಿ ಬೆಳೆದರೆ ಹುಂಜದ ಕಾಲಿಗೇ ಒತ್ತಿ, ಅದರ ನಡಿಗೆಗೆ ತೊಡಕಾಗಬಲ್ಲದು. ಆಗ ಮಾಡಬೇಕಾದ ಕೆಲಸ ಸುಲಭ. ಕತ್ತಲಾದ ಮೇಲೆ ಹುಂಜವು ಶಾಂತವಾಗಿರುತ್ತದೆ. ಒಬ್ಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಳ್ಳಲಿ. ಇನ್ನೊಬ್ಬರು ಮುಳ್ಳಿನ ತುದಿಯನ್ನು ಮಾತ್ರ ನಯವಾದ ಅರದಿಂದ ಉಜ್ಜಿ ಮೊಂಡಾಗಿಸಲಿ. ಉದ್ದವು ಹೆಚ್ಚಾಗಿದ್ದರೆ ಕೆಲವು ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ರಕ್ತ ಕಂಡೊಡನೆ ನಿಲ್ಲಿಸಿ, ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಬುಡದಲ್ಲಿ ಕತ್ತರಿಸುವುದೆಂದರೆ ಉಗುರನ್ನಲ್ಲ, ಎಲುಬನ್ನೇ ಕತ್ತರಿಸಿದಂತೆ. ಒರೆಯನ್ನು ತಿರುಚಿ ಕಿತ್ತರೆ ಒಳಗಿನ ಸಜೀವ ಭಾಗ ಬಯಲಾಗಿ, ನೋವಿಗೂ ಸೋಂಕಿಗೂ ಎಡೆಯಾಗುತ್ತದೆ. ಅಂಥ ಪ್ರಸಂಗ ಬಂದಲ್ಲಿ ಪಶುವೈದ್ಯರಲ್ಲಿಗೆ ಒಯ್ಯುವುದೇ ಲೇಸು. ಮೊಂಡಾಗಿಸಿದ ಮಾತ್ರಕ್ಕೆ ಹುಂಜದ ಜಗಳಗಂಟತನ ಹೋಗದು. ಗಾಯದ ತೀವ್ರತೆ ಮಾತ್ರ ತಗ್ಗೀತು.

ಕಾಡುಕೋಳಿಗೆ ಎದುರಾಳಿಯೊಡನೆ ಸೆಣಸಲು ಒದಗಿದ ಆಯುಧವಿದು. ಸೋತ ಹಕ್ಕಿಗೆ ಅಲ್ಲಿ ಓಡಿಹೋಗಲು ದಾರಿಯಿರುತ್ತದೆ. ಕರಾವಳಿಯ ಕೋಳಿ ಅಂಕದಲ್ಲಿ ಮನುಷ್ಯನು ಅದೇ ಕಾಲಿಗೆ ಉಕ್ಕಿನ ಬಾಳನ್ನು ಕಟ್ಟಿ, ಆ ದಾರಿಯನ್ನು ಮುಚ್ಚುತ್ತಾನೆ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಮುಳ್ಳಿನ ಒಳಗೂ ಜೀವವಿದೆ ಎಂದು ಬಲ್ಲವನು ಅರವನ್ನು ಹಿಡಿಯುವಾಗಲೂ ಕೈಯನ್ನು ಹಗುರಾಗಿಯೇ ಇಟ್ಟಾನು.